ಹೆಸರಿಲ್ಲದ ಬಟನ್‌ಗಳು

ನನಗೆ ಕಣ್ಣು ಕಾಣುವುದಿಲ್ಲ. ಕಾಲೇಜು ಮುಗಿಯುವ ಹೊತ್ತಿಗೆ ಪೂರ್ತಿ ಹೋಗಿತ್ತು. ತರೀಕೆರೆಯ ಒಂದು ಸಹಕಾರ ಸಂಘದಲ್ಲಿ ಗುಮಾಸ್ತೆಯಾಗಿದ್ದೇನೆ. ಕಡೂರಿನಿಂದ ರೈಲಿನಲ್ಲಿ ಹೋಗಿ ಬರುತ್ತೇನೆ. ಪರದೆಯ ಮೇಲಿರುವುದನ್ನು ಕಿವಿಗೆ ಓದಿ ಹೇಳುವ ತಂತ್ರಾಂಶವೊಂದು ನನ್ನ ಕಂಪ್ಯೂಟರಿನಲ್ಲಿದೆ. ಅದನ್ನು ನಂಬಿಕೊಂಡು, ಯಾರನ್ನೂ ಕರೆಯದೆ, ವರ್ಷಗಟ್ಟಲೆ ಕೆಲಸ ಮಾಡಿದ್ದೆ.

ಆಮೇಲೆ ಸಂಘದ ಕೆಲಸವೆಲ್ಲ ಹೊಸ ವೆಬ್‌ಸೈಟಿಗೆ ಹೋಯಿತು. ಹಾಜರಿ, ರಜೆ, ಸದಸ್ಯರ ಖಾತೆ ಎಲ್ಲವೂ ಅದರಲ್ಲೇ. ನೋಡಲು ಚೆನ್ನಾಗಿದೆ ಎಂದು ಎಲ್ಲರೂ ಹೇಳಿದರು. ಬಟನ್‌ಗಳ ಮೇಲೆ ಅಕ್ಷರದ ಬದಲು ಚಿತ್ರಗಳಿದ್ದವಂತೆ. ನನ್ನ ತಂತ್ರಾಂಶ ಓದಿ ಹೇಳುವಂತೆ ಆ ಚಿತ್ರಗಳಿಗೆ ಯಾರೂ ಹೆಸರು ಕೊಟ್ಟಿರಲಿಲ್ಲ. ಹಾಗಾಗಿ ಎಲ್ಲಿಗೆ ಹೋದರೂ ನನ್ನ ಕಿವಿಗೆ ‘ಬಟನ್’ ಎಂಬ ಒಂದೇ ಮಾತು ಬೀಳುತ್ತಿತ್ತು. ಮ್ಯಾನೇಜರಿಗೆ ಹೇಳಿದೆ. ವೆಬ್‌ಸೈಟ್ ಮಾಡಿದ ಕಂಪನಿಯವರಿಗೆ ತಿಳಿಸುತ್ತೇನೆ, ಅಲ್ಲಿಯವರೆಗೆ ಪಕ್ಕದವರ ಸಹಾಯ ತಗೊಳ್ಳಿ ಎಂದರು.

ಪಕ್ಕದ ಮೇಜಿನವಳು ಅಜ್ಜಂಪುರದ ಕಡೆಯವಳು, ಮಾತು ಜೋರು. ನನ್ನ ಹಾಜರಿಯನ್ನೂ ಅವಳೇ ಹಾಕತೊಡಗಿದಳು. ಖಾತೆಯ ಕೆಲಸ ಬೇರೆಯವರಿಗೆ ಹೋಯಿತು. ಫೋನ್ ಎತ್ತುವುದು, ಬಂದವರಿಗೆ ಕೂರಲು ಹೇಳುವುದು ನನಗೆ ಉಳಿಯಿತು. ಮೊದಮೊದಲು ಸಿಟ್ಟು ಬರುತ್ತಿತ್ತು. ಬರಬರುತ್ತ ಅದೂ ನಿಂತಿತು.

ಆ ಮಳೆಗಾಲ ನನ್ನ ಹೊಟ್ಟೆಯಲ್ಲಿದ್ದ ಮಗು ಉಳಿಯಲಿಲ್ಲ. ಬಸಿರಾಗಿದ್ದ ವಿಷಯ ಗಂಡನಿಗೂ ಡಾಕ್ಟರಿಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಹುಷಾರಿಲ್ಲವೆಂದು ಆಫೀಸಿಗೆ ಫೋನ್ ಮಾಡಿ ಮನೆಯಲ್ಲಿದ್ದೆ. ಮತ್ತೆ ಕೆಲಸಕ್ಕೆ ಬಂದಾಗ, ರಜೆಯನ್ನು ವೆಬ್‌ಸೈಟಿನಲ್ಲಿ ಹಾಕದಿದ್ದರೆ ಗೈರುಹಾಜರಿ ಎಂದು ಮ್ಯಾನೇಜರು ಹೇಳಿದರು. ಪಕ್ಕದವಳು ಕುರ್ಚಿ ಎಳೆದುಕೊಂಡು ಕೂತಳು. ಕಾರಣ ಆರಿಸಬೇಕಂತೆ ಎಂದು ಒಂದೊಂದಾಗಿ ಓದಿದಳು. ಜ್ವರ, ಅಪಘಾತ, ಹೆರಿಗೆ. ಆಮೇಲೆ ಗರ್ಭಪಾತ.

“ಅದೇ,” ಎಂದೆ.

ಮೌಸಿನ ಸದ್ದು ಬರಲಿಲ್ಲ. ಹಿಂದೆ ಯಾರೋ ಸ್ಟೇಪ್ಲರ್ ಒತ್ತುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಕ್ಲಿಕ್ ಎಂದಿತು. ಅವಳು ನನ್ನ ಕೈ ಹಿಡಿದುಕೊಂಡಳು. ಹಿಡಿದುಕೊಳ್ಳಲಿ ಎಂದು ಬಿಟ್ಟೆ. ಅಳು ಬರುತ್ತದೇನೋ ಎಂದು ಕಾದೆ, ಬರಲಿಲ್ಲ. ಮಧ್ಯಾಹ್ನ ಡಬ್ಬಿ ಬಿಚ್ಚಿ ಊಟ ಮಾಡಿದೆ.

ಕೆಲವು ವಾರಗಳ ಮೇಲೆ ಕಂಪನಿಯ ಎಂಜಿನಿಯರ್ ಬಂದ. ಮ್ಯಾನೇಜರು ನನ್ನ ತೊಂದರೆಯನ್ನು ವಿವರಿಸಿದರು. ಒಬ್ಬರಿಗೋಸ್ಕರ ಎಲ್ಲ ಬದಲಾಯಿಸುವುದು ಕಷ್ಟ, ಹೇಗೂ ಪಕ್ಕದಲ್ಲಿ ನೋಡಿಕೊಳ್ಳುವವರು ಇದ್ದಾರಲ್ಲ ಎಂದು ಆತ ಮೆತ್ತಗೆ ಹೇಳಿದ. ಪಕ್ಕದವಳು ಎದ್ದು ನಿಂತ ಸದ್ದಾಯಿತು.

“ಅವ್ರು ರಜೆ ಯಾಕ್ ಹಾಕಿದ್ರು ಅಂತ ನಾನ್ಯಾಕ್ರೀ ಓದ್ಬೇಕು? ನಿಮ್ಮನೇಲಿ ಏನಾಯ್ತು ಅಂತ ಪಕ್ಕದೋರಿಗೆ ಹೇಳಿ ಟೈಪ್ ಮಾಡಿಸ್ತೀರಾ ನೀವು?”

ಎಂಜಿನಿಯರ್ ನನ್ನ ಹತ್ತಿರ ಬಂದು, ಮೇಡಂ, ಒಂದ್ಸಲ ಉಪಯೋಗಿಸಿ ತೋರಿಸಿ ಎಂದ. ಹೆಡ್‌ಫೋನ್ ತೆಗೆದು ಅವನಿಗೆ ಕೊಟ್ಟೆ. ಕೀಬೋರ್ಡಿನ ಕೀಲಿಗಳನ್ನು ನಾನು ಒತ್ತುತ್ತ ಹೋದೆ, ಅವನು ಕೇಳುತ್ತ ಕೂತ. ಬಹಳ ಹೊತ್ತು ಕೂತಿದ್ದ.

ಚಳಿಗಾಲ ಕಳೆಯುವುದರೊಳಗೆ ಬಟನ್‌ಗಳಿಗೆ ಹೆಸರು ಬಂತು. ಎಲ್ಲಕ್ಕೂ ಅಲ್ಲ, ಬೇಕಾದವಕ್ಕೆ. ಖಾತೆಯ ಕೆಲಸವೂ ವಾಪಸ್ ಬಂತು. ಬುಕ್ಕಾಂಬುಧಿಯ ರೈತರೊಬ್ಬರು ತಮ್ಮ ಖಾತೆಯ ಬಗ್ಗೆ ಕೇಳಿದಾಗ ನಾನೇ ತೆಗೆದು ಹೇಳಿದೆ. ಈಗ ಸಮಾಧಾನವಾಯ್ತಾ ಎಂದು ಮ್ಯಾನೇಜರು ಕೇಳಿದರು. ಕೆಲಸ ಆಗ್ತಿದೆ ಸಾರ್ ಎಂದೆ.

ಖಾತೆಯ ಕೆಲಸ ವಾಪಸ್ ಬಂದಿದ್ದನ್ನು ಸಂಜೆ ಗಂಡನಿಗೂ ಹೇಳಿದೆ. ಒಳ್ಳೇದಾಯ್ತು ಎಂದರು. ಅಷ್ಟಕ್ಕೇ ಆ ಮಾತು ಬಿಟ್ಟು ಇಬ್ಬರೂ ಊಟಕ್ಕೆ ಕೂತೆವು.