ಗುಂಡಿನ ಬಳೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮದುವೆ ಮನೆಯ ಊಟದಲ್ಲಿ ಎಲೆಗೆ ಎರಡು ಹೋಳಿಗೆ ಬಿದ್ದರೆ, ಅವುಗಳಲ್ಲಿ ಯಾವುದು ದೊಡ್ಡದು ಎಂದು ನೋಡದೆ ನಾನು ತುಪ್ಪಕ್ಕೆ ಕೈ ಚಾಚುವವನಲ್ಲ. ದೊಡ್ಡದು ತಿನ್ನಬೇಕೆಂಬ ಆಸೆ ಇದಲ್ಲ. ಎರಡೂ ಒಂದೇ ಅಳತೆಗೆ ಬರಲಿಲ್ಲವಲ್ಲ ಎಂಬ ಸಂಕಟ. ಸಿಂಧನೂರಿನಲ್ಲಿ ಹುಡುಗರಿಗೆ ಫಿಟ್ಟರ್ ಕೆಲಸ ಕಲಿಸುತ್ತ ತಲೆ ನರೆಸಿಕೊಂಡವನಿಗೆ ಇಂಥ ರೋಗ ಅಂಟಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಅಂಗಿಯ ಕಿಸೆಯಲ್ಲಿ ಪೆನ್ನು ಇರುವುದು ಖಾತ್ರಿಯಿಲ್ಲ, ಕೂದಲೆಳೆಯ ದಪ್ಪವನ್ನೂ ಅಳೆಯುವ ವರ್ನಿಯರ್ ಮಾತ್ರ ಇದ್ದೇ ಇರುತ್ತದೆ. ನನ್ನ ಹೆಂಡತಿ ತರಕಾರಿ ಹೆಚ್ಚುವಾಗ ನಾನು ಅಡುಗೆಮನೆಗೆ ಕಾಲಿಡಬಾರದೆಂದು ಕಾಯಿದೆಯೇ ಆಗಿದೆ.

ಈ ರೋಗ ಬಹಳ ವರ್ಷ ಒಂದು ವಸ್ತುವಿನ ತಂಟೆಗೆ ಹೋಗಿರಲಿಲ್ಲ. ಅದು ಗುರುಗುಂಟಾದಲ್ಲಿರುವ ನನ್ನ ಕಾಕಾನ ಗುಂಡಿನ ಬಳೆ. ಬಳೆ ಎಂದರೆ ಕೈಗೆ ಹಾಕುವುದಲ್ಲ. ಅಂಗೈಯಗಲದ ದಪ್ಪ ಉಕ್ಕಿನ ತುಂಡು, ನಟ್ಟನಡುವೆ ಒಂದು ತೂತು, ಹಿಡಿಯಲೊಂದು ಹಿಡಿಕೆ. ನಿಜಾಮರ ಕಾಲದಲ್ಲಿ ನಮ್ಮ ಮುತ್ತಜ್ಜ ಬೆಳೆ ಕಾಯಲು ಲೈಸೆನ್ಸ್ ಪಡೆದು ಒಂದು ಬಂದೂಕು ತಂದಿದ್ದನಂತೆ. ಬಾಯಿಯಿಂದ ಮದ್ದು ತುಂಬುವಂಥದು. ಅದರ ಜೊತೆಗೆ ಬಂದ ಬಳಗ ಇದು: ಇಕ್ಕಳದಂಥ ಒಂದು ಅಚ್ಚು, ಈ ಬಳೆ, ಮತ್ತೆ ಮರದ ಒಂದು ಕೊಡತಿ. ಅಚ್ಚಿನಲ್ಲಿ ಎರೆದ ಸೀಸದ ಗುಂಡು ಬಾರಿಹಣ್ಣಿನಷ್ಟಿರುತ್ತದೆ, ಮೈಮೇಲೆ ಜೋಡಣೆಯ ಗೀರು, ತಲೆಗೊಂದು ಬಾಲ. ಅದನ್ನು ಬಳೆಯ ತೂತಿನ ಮೇಲಿಟ್ಟು ಕೊಡತಿಯಿಂದ ಹದವಾಗಿ ತಟ್ಟಿದರೆ ಹೆಚ್ಚಿನದೆಲ್ಲ ಹೆರೆದುಹೋಗಿ, ಆ ಕಡೆ ಬಂದೂಕಿಗೆ ಹೊಂದುವ ಗುಂಡು ಬೀಳುತ್ತದೆ. ಕಾಕಾ ಇದನ್ನು ಮಾಡುವಾಗ ನಾಲಿಗೆಯ ತುದಿ ತುಟಿಯಿಂದ ಹೊರಗೆ ಬಂದಿರುತ್ತದೆ.

ಬಂದೂಕು ಎಂದ ಕೂಡಲೆ ಗಾಬರಿಯಾಗಬೇಡಿ. ಕಾಕಾ ಅದರಿಂದ ಒಂದು ಗುಬ್ಬಿಯನ್ನೂ ಕೊಂದವನಲ್ಲ. ವರ್ಷಕ್ಕೆ ಒಂದೇ ಗುಂಡು, ಅದೂ ಮಹಾನವಮಿಯ ಖಂಡೇಪೂಜೆಯ ಬೆಳಿಗ್ಗೆ, ನಮ್ಮದೇ ಹೊಲದ ಮಣ್ಣಿನ ಒಡ್ಡಿಗೆ. ಪೂಜೆ ಮಾಡಿದ ಮೇಲೆ ಆಯುಧ ಕೆಲಸ ಮಾಡಿ ತೋರಿಸಬೇಕು, ಇಲ್ಲದಿದ್ದರೆ ಪೂಜೆ ಮಾಡಿಸಿಕೊಂಡದ್ದು ದಂಡ ಎನ್ನುವುದು ಅವನ ವಾದ. ಉಳಿದ ದಿನವೆಲ್ಲ ಆ ಬಂದೂಕಿಗೆ ಒಂದೇ ಉದ್ಯೋಗ, ಚುನಾವಣೆ ಬಂದಾಗ ಠಾಣೆಗೆ ಹೋಗಿ ಜಮಾ ಆಗುವುದು. ನಮ್ಮಲ್ಲಿ ಚುನಾವಣೆಗೇನು ಬರ? ಪಂಚಾಯ್ತಿಯದು ಮುಗಿದರೆ ವಿಧಾನಸಭೆ, ಅದು ಮುಗಿದರೆ ದಿಲ್ಲಿಯದು. ಪ್ರತಿಸಲವೂ ಕಾಕಾ ಅದನ್ನು ಕಂಬಳಿಯಲ್ಲಿ ಸುತ್ತಿ ಹೆಗಲಿಗೇರಿಸಿಕೊಂಡು ಹೋಗಿ ಕೊಟ್ಟು, ಫಲಿತಾಂಶ ಬಂದ ಮೇಲೆ ಮತ್ತೆ ಹೋಗಿ ತರಬೇಕು. ಅಳಿಯನ ಮನೆಗೆ ಮಗಳನ್ನು ಕಳಿಸಿ ಕರೆತಂದಷ್ಟು ಓಡಾಟ.

ಎಪ್ಪತ್ತಾರಕ್ಕೆ ಕಾಲಿಟ್ಟ ಕಾಕಾನಿಗೆ ಈ ಓಡಾಟ ಸಾಕಾಗಿತ್ತು. ಹೋದ ಶ್ರಾವಣದಲ್ಲಿ ನಾನು ಹೋಗಿದ್ದಾಗ ಕಟ್ಟೆಯ ಮೇಲೆ ಕೂತು ಹೇಳಿದ.

"ಈ ಸಲ ಖಂಡೇಪೂಜಿಗೆ ಕಡೀ ಗುಂಡು ಹೊಡೀತೀನೋ ಮಾಸ್ತರ. ಬನ್ನಿ ಮುಡದ ಮರುದಿನ ಬಂದೂಕ ಸರಕಾರಕ್ಕ ಒಪ್ಪಿಸಿಬಿಡ್ತೀನಿ. ಕಡೀದು ಚಂದ ಆಗಬೇಕು ನೋಡು, ಅಷ್ಟ ನಂದು."

ನನ್ನನ್ನು ಅವನು ಕರೆಯುವುದೇ ಮಾಸ್ತರ ಎಂದು. ಆ ಮಾತು ಕೇಳಿ ನನ್ನ ಎದೆ ತುಂಬಿ ಬಂತು. ಕಡೆಯ ಗುಂಡಿಗೆ ನನ್ನದೂ ಏನಾದರೂ ಸೇವೆ ಇರಲಿ ಅನ್ನಿಸಿತು. ಅನ್ನಿಸಿದ್ದೇ ತಡ, ಕೈ ಕಿಸೆಗೆ ಹೋಯಿತು. ಬಳೆಯ ತೂತಿಗೆ ವರ್ನಿಯರ್ ಹಿಡಿದು ನೋಡಿದೆ. ಆ ತೂತು ದುಂಡಗಿರಲೇ ಇಲ್ಲ! ನೂರು ವರ್ಷದ ಸವೆತಕ್ಕೆ ಒಂದು ಬದಿಗೆ ಕೂದಲೆಳೆಯಷ್ಟು ಹಿಗ್ಗಿತ್ತು, ಇನ್ನೊಂದು ಬದಿಗೆ ಮೊದಲಿನಷ್ಟೇ ಇತ್ತು. ಇಷ್ಟು ವರ್ಷ ನಮ್ಮ ಮನೆತನ ಸೊಟ್ಟ ತೂತಿನಲ್ಲಿ ಗುಂಡು ತಿದ್ದಿದೆಯಲ್ಲ ಎಂದು ನನಗೆ ನಿದ್ದೆಯೇ ಹತ್ತಲಿಲ್ಲ. "ತುಕ್ಕು ತೆಗಿಸಿ ಕೊಡ್ತೀನಿ ಕಾಕಾ" ಎಂದು ಬಳೆಯನ್ನು ಚೀಲಕ್ಕೆ ಹಾಕಿಕೊಂಡು ಬಂದೆ. ನಾನು ಹೇಳಿದ್ದು ಅರ್ಧ ನಿಜ.

ಸಿಂಧನೂರಿನ ಬಸ್ಸು ಮಸ್ಕಿ ದಾಟುವಾಗ ನನಗೆ ಯಾವಾಗಲೂ ಅಲ್ಲಿನ ಬಂಡೆಯ ಶಾಸನ ನೆನಪಾಗುತ್ತದೆ. ಚಕ್ರವರ್ತಿಯ ಆಜ್ಞೆ, ಸಾಮಾನ್ಯ ಮಾತಲ್ಲ. ಆದರೆ ಅಕ್ಷರಗಳನ್ನು ನೋಡಿ, ಒಂದು ತುಸು ದೊಡ್ಡದು, ಪಕ್ಕದ್ದು ತುಸು ಸಣ್ಣದು, ಸಾಲು ಕಲ್ಲಿನ ಮೈ ಹೋದಂತೆ ಹೋಗಿದೆ. ಮೊದಲ ಸಲ ಕಂಡಾಗ ಆ ಕಲ್ಲುಕುಟಿಗನಿಗೆ ಯಾರೂ ಒಂದು ಅಳತೆಪಟ್ಟಿ ಕೊಡಲಿಲ್ಲವೇ ಎಂದು ಮರುಗಿದ್ದೆ. ಕಲ್ಲಿಗೆ ಅಕ್ಷರ ಹೊಂದಬೇಕೋ, ಅಕ್ಷರಕ್ಕೆ ಕಲ್ಲು ಹೊಂದಬೇಕೋ ಎಂಬ ಪ್ರಶ್ನೆ ಅವನಿಗೆ ಹೊಳೆದಿತ್ತು, ನನಗೆ ಹೊಳೆದಿರಲಿಲ್ಲ. ನಮ್ಮ ಹಿರಿಯರ ಅಳತೆಗಳೆಲ್ಲ ಹಾಗೆಯೇ ಅಲ್ಲವೇ? ಗೇಣು ಎಂದರೆ ಯಾರ ಗೇಣು, ಮೊಳ ಎಂದರೆ ಯಾರ ಮೊಳ? ಹೂ ಮಾರುವವಳ ಮೊಳ ಕೊಳ್ಳುವವಳ ಮೊಳಕ್ಕಿಂತ ಗಿಡ್ಡ ಎಂಬುದು ಜಗಳವಾಗಿ ನೂರಾರು ವರ್ಷ ನಡೆದಿದೆ, ಆದರೂ ಹೂವು ಮುಡಿಯುವುದು ನಿಂತಿಲ್ಲ. ಇಷ್ಟೆಲ್ಲ ಈಗ ಹೇಳುತ್ತಿದ್ದೇನೆ. ಅಂದು ಬಸ್ಸಿನಲ್ಲಿ ನಾನು ಯೋಚಿಸುತ್ತಿದ್ದುದು ತೂತನ್ನು ದುಂಡಗೆ ಮಾಡಿಸುವುದು ಹೇಗೆ ಎಂಬುದನ್ನಷ್ಟೆ.

ಅಕ್ಕಿ ಗಿರಣಿಗಳ ಶಾಫ್ಟ್ ರಿಪೇರಿ ಮಾಡುವ ಖಾಜಾಸಾಬ ನನ್ನ ಹಳೆಯ ದೋಸ್ತ. ಅವನ ಲೇತ್ ಅಂಗಡಿಗೆ ಬಳೆಯನ್ನು ಒಯ್ದೆ. ಅವನು ಅದನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ.

"ಸರ, ಹಳೇ ಮಾಲು ಐತ್ರಿ. ಮಾಲಕರಿಗೆ ಒಂದು ಮಾತು ಕೇಳೀರೇನ್ರಿ?"

"ನಮ್ಮ ಕಾಕಾಂದ ಐತಿ. ಮಾಡೋ ಮಾರಾಯ" ಎಂದೆ.

"ಈ ಸವಕಳಿ ಯಾಕೋ ಬೇಕಂತ ಬಿಟ್ಟಂಗ ಕಾಣ್ತೈತ್ರೀ. ಆಮ್ಯಾಲ ನನ್ನ ಮ್ಯಾಲ ಹೇಳಬ್ಯಾಡ್ರಿ ಮತ್ತ" ಎನ್ನುತ್ತಲೇ ಯಂತ್ರಕ್ಕೆ ಹಾಕಿದ. ಅರ್ಧ ತಾಸಿನಲ್ಲಿ ಬಳೆ ಕನ್ನಡಿಯಂತೆ ಹೊಳೆಯಿತು, ತೂತು ಹುಣ್ಣಿಮೆಯ ಚಂದ್ರನಷ್ಟು ದುಂಡಗಾಯಿತು. ಎಲ್ಲಿಂದ ಎಲ್ಲಿಗೆ ಅಳೆದರೂ ಒಂದೇ ಅಂಕಿ. ಅಂಥ ಸುಖ ನನಗೆ ಮದುವೆಯ ದಿನವೂ ಆಗಿರಲಿಲ್ಲ ಎಂದರೆ ನನ್ನ ಹೆಂಡತಿ ಇದನ್ನು ಓದುವುದಿಲ್ಲವೆಂಬ ಧೈರ್ಯದಿಂದಲೇ ಹೇಳುತ್ತಿದ್ದೇನೆ.

ಖಂಡೇಪೂಜೆಯ ಹಿಂದಿನ ದಿನವೇ ಗುರುಗುಂಟಾ ಸೇರಿದೆ. ಕಾಕಾ ಬಳೆಯನ್ನು ತಿರುಗಿಸಿ ನೋಡಿ, "ಇದು ನಮ್ಮದನೋ?" ಎಂದ. "ಹೌದು ಕಾಕಾ, ಈಗ ಖರೇ ದುಂಡಗ ಆಗೇತಿ" ಎಂದು ಬೀಗಿದೆ. ಅವನು ಬಳೆಯನ್ನು ಕೆಳಗಿಟ್ಟು ಒಲೆ ಹೊತ್ತಿಸಿದ. ಸೀಸ ಕರಗಿಸಿ, ಅಚ್ಚಿಗೆ ಹೊಯ್ದು, ಬಳೆಯ ಮೇಲಿಟ್ಟು ಕೊಡತಿಯಿಂದ ತಟ್ಟಿದ. ಪ್ರತಿವರ್ಷ ಆರೇಳು ಪೆಟ್ಟು ಬೇಡುತ್ತಿದ್ದ ಗುಂಡು ಈ ಸಲ ಎರಡೇ ಪೆಟ್ಟಿಗೆ ಪಟಕ್ಕನೆ ಬಿತ್ತು. ನಾನು ಅದನ್ನು ಯಂತ್ರದ ಮಹಿಮೆ ಎಂದುಕೊಂಡೆ. ಕಾಕಾ ಮಾತ್ರ ಬಿದ್ದ ಗುಂಡನ್ನು ಬೆರಳುಗಳ ನಡುವೆ ಬಹಳ ಹೊತ್ತು ಹೊರಳಿಸುತ್ತ ಕೂತಿದ್ದ.

ಮರುದಿನ ಬೆಳಿಗ್ಗೆ ಪೂಜೆ ಮುಗಿಸಿ ನಾವು ಮೂವರೂ ಹೊಲಕ್ಕೆ ಹೋದೆವು, ಕಾಕಾ, ಅವನ ಹೆಂಡತಿಯಾದ ನನ್ನ ಚಿಗವ್ವ, ಮತ್ತು ನಾನು. ಸಜ್ಜೆ ಕೊಯ್ದ ಹೊಲ, ಎದುರಿಗೆ ಆಳೆತ್ತರದ ಒಡ್ಡು, ಸುತ್ತ ಜನವಿಲ್ಲ. ಕಾಕಾ ಮದ್ದು ಹಾಕಿದ. ಆಮೇಲೆ ಎಂದಿನಂತೆ ಕಿಸೆಯಿಂದ ಚಿಗವ್ವನ ಹಳೇ ಸೀರೆಯ ಒಂದು ಚೂರನ್ನು ತೆಗೆದ. ಗುಂಡನ್ನು ಬರಿಮೈಯಲ್ಲಿ ನಳಿಗೆಗೆ ಇಳಿಸುವುದಿಲ್ಲ, ಅರಿವೆಯಲ್ಲಿ ಸುತ್ತಿ ಇಳಿಸುತ್ತಾರೆ. ಅದು ಬಿಗಿಯಾಗಿ ಕೂರುತ್ತದೆ, ನಳಿಗೆಯೂ ಕೆಡುವುದಿಲ್ಲ. ಇದನ್ನು ನಾನು ಚಿಕ್ಕಂದಿನಿಂದ ಪ್ರತಿವರ್ಷ ನೋಡಿದ್ದೇನೆ. ನೋಡಿಯೂ ನನ್ನ ಲೆಕ್ಕದಲ್ಲಿ ಅದಕ್ಕೆ ಜಾಗವನ್ನೇ ಕೊಟ್ಟಿರಲಿಲ್ಲ.

ಗುಂಡು ನಳಿಗೆಯ ಬಾಯಿಯಲ್ಲೇ ನಿಂತಿತು. ಅರಿವೆ ತೆಗೆದರೆ ಸರಿಯಾಗಿ ಇಳಿಯುತ್ತದೆ, ಸುತ್ತಿದರೆ ಇಳಿಯುವುದಿಲ್ಲ. ನಾನು ದುಂಡಗೆ ಮಾಡಿಸಿ ತಂದಿದ್ದೆನಲ್ಲ, ಆ ದುಂಡಗೆ ಮಾಡುವ ಭರದಲ್ಲಿ ತೂತಿನ ಕಿರಿದಾದ ಬದಿ ಹೆರೆದುಹೋಗಿ, ತೂತು ದೊಡ್ಡದಾಗಿ, ಗುಂಡು ದಪ್ಪಗಾಗಿತ್ತು. ಚಿಗವ್ವನ ಸೀರೆಗೆಂದು ನಮ್ಮ ಹಿರಿಯರು ಬಿಟ್ಟಿದ್ದ ಜಾಗವನ್ನು ನಾನು ಸಿಂಧನೂರಿನ ಲೇತ್ ಅಂಗಡಿಯಲ್ಲಿ ಕಬ್ಬಿಣದ ಪುಡಿ ಮಾಡಿ ಕೆಡವಿ ಬಂದಿದ್ದೆ. 

"ಚಾಕುಲೆ ಒಂದಿಷ್ಟು ಕೆರೀಲೇನು ಕಾಕಾ?" ಎಂದೆ.

ಕಾಕಾ ನನ್ನ ಕಡೆ ನೋಡಿದ. ಹುಡುಗರು ಅರದಿಂದ ಪೆನ್ಸಿಲ್ ಚೂಪು ಮಾಡುವಾಗ ನಾನು ನೋಡುವ ನೋಟವೇ ಅದು.

"ಹಂಗ ಬರೇ ಗುಂಡು ಹೊಡದುಬಿಡ್ರಿ ಹಂಗಾರ" ಎಂದಳು ಚಿಗವ್ವ.

"ನಲವತ್ತೊಂಬತ್ತು ವರ್ಷ ನಿನ್ನ ಸೀರಿ ಇಲ್ಲದ ಹೊಡದಿಲ್ಲ. ಕಡೀದಕ್ಕ ಹೊಡೀಲೇನು?" ಎಂದ ಕಾಕಾ. ಸಿಟ್ಟಿನ ದನಿ, ಆದರೆ ಬಂದೂಕನ್ನು ಮಾತ್ರ ಮೆಲ್ಲಗೆ ಕೆಳಗಿಳಿಸಿದ. "ನಡೀರಿ, ಮನಿಗೆ ಹೋಗೂಣು. ಆತು ಇದು."

ಅವನ ಆಸೆ ಇದ್ದದ್ದು ಒಂದೇ, ಕಡೆಯದು ಚೆಂದ ಆಗಬೇಕೆಂದು. ಅದನ್ನು ಕೆಡಿಸಿದವನು ನಾನು. ನಿಂತಲ್ಲೇ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಚಿಗವ್ವ ಮಾತ್ರ ಗಂಡನ ಕೈಯಿಂದ ಆ ಅರಿವೆಯ ಚೂರನ್ನು ಇಸಿದುಕೊಂಡು ಬೆರಳಲ್ಲಿ ಹೊಸಕಿ ನೋಡಿದಳು.

"ಇದು ದಪ್ಪ ಐತಿ. ಮೊನ್ನಿ ಮೊನ್ನಿ ತಂದಿದ್ದು, ನಾಕು ವರ್ಷಾಗಿಲ್ಲ. ಇಲ್ಲೇ ನಿಂದರ್ರಿ, ಬಂದೆ" ಎಂದವಳೇ ಮನೆಯ ಕಡೆ ಹೊರಟಳು. ಮನೆ ದೂರವಿರಲಿಲ್ಲ. ಆದರೂ ಆ ಅರ್ಧ ತಾಸು ನಾನೂ ಕಾಕಾನೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅವನು ಕಂಬಳಿಯ ಎಳೆ ಕೀಳುತ್ತ ಕೂತ, ನಾನು ಸಜ್ಜೆಯ ಕೂಳೆ ಎಣಿಸಿದೆ.

ಚಿಗವ್ವ ಬಂದದ್ದು ಒಂದು ಹಸಿರು ಇಲಕಲ್ ಸೀರೆಯನ್ನು ಎದೆಗವಚಿಕೊಂಡು. ಕಾಕಾ ನೋಡಿದ್ದೇ ಎದ್ದು ನಿಂತ.

"ಏ, ಅದು ನಮ್ಮ ಲಗ್ನದ ಧಾರೀ ಸೀರಿ ಅಲ್ಲನ? ಹುಚ್ಚಿ ಅದೀ ಏನು?"

"ಉಟ್ಟು ಉಟ್ಟು ಉಳ್ಳಾಗಡ್ಡಿ ಸಿಪ್ಪಿ ಆಗೇತ್ರಿ. ಉಡಾಕ ಬರಂಗಿಲ್ಲ, ಒಗ್ಯಾಕ ಮನಸಿಲ್ಲ. ಇದಕ್ಕಿಂತ ತೆಳ್ಳಂದು ನಮ್ಮ ಮನ್ಯಾಗ ಯಾವ್ದೂ ಇಲ್ಲ" ಎಂದು ಅವಳು ಅಲ್ಲೇ ಕೂತು, ಸೀರೆಯ ಒಡಲಿಗೆ ಕತ್ತರಿ ಇಟ್ಟಳು. ಕತ್ತರಿಸುವಾಗ ಸದ್ದೇ ಬರಲಿಲ್ಲ, ಅಷ್ಟು ಸವೆದಿತ್ತು. ಆ ಚೂರನ್ನು ಬೆಳಕಿಗೆ ಹಿಡಿದರೆ ಆಚೆಯ ತೊಗರಿ ಗಿಡಗಳು ಕಾಣುತ್ತಿದ್ದವು.

ಕಾಕಾ ಗುಂಡನ್ನು ಅದರಲ್ಲಿ ಸುತ್ತಿ ನಳಿಗೆಯ ಬಾಯಿಗಿಟ್ಟು ಗಜದ ಸರಳಿನಿಂದ ಒತ್ತಿದ. ತುಸು ತಡೆಯಿತು. ಆಮೇಲೆ ಒಂದೇ ಬಿಗಿಯಲ್ಲಿ, ಎಲ್ಲೂ ನಿಲ್ಲದೆ, ತಳದವರೆಗೆ ಇಳಿಯಿತು. ನನ್ನ ಕಿಸೆಯ ಯಾವ ಉಪಕರಣಕ್ಕೂ ಅಂಥ ಹೊಂದಿಕೆಯನ್ನು ಹುಡುಕಿ ಕೊಡಲು ಆಗುತ್ತಿರಲಿಲ್ಲ. ಅವನು ಹೆಗಲಿಗೇರಿಸಿ ಹೊಡೆದ. ಸದ್ದಿಗೆ ತೊಗರಿಯೊಳಗಿನ ಬೆಳವದ ಹಕ್ಕಿಗಳೆಲ್ಲ ಎದ್ದವು, ಒಡ್ಡಿನಿಂದ ಒಂದು ಬುಟ್ಟಿ ಮಣ್ಣು ಕುಸಿಯಿತು, ಬಿಳಿಯ ಹೊಗೆ ನಮ್ಮ ಮೂವರ ಮೇಲೆ ನಿಂತು ನಿಧಾನಕ್ಕೆ ಹೋಯಿತು. "ಚಂದ ಆತು" ಎಂದ ಕಾಕಾ. ನನಗೆ ಉಸಿರು ಬಂತು.

ಬಂದೂಕನ್ನು ಕಂಬಳಿಯ ಮೇಲೆ ಮಲಗಿಸಿ ಅವನು ಒಡ್ಡಿನ ಕಡೆ ನಡೆದ. ಅದೂ ಪದ್ಧತಿಯೇ. ಮಣ್ಣು ಕೆದರಿ ಸೀಸ ಆರಿಸಿಕೊಂಡು ಬರುವುದು, ಮುಂದಿನ ವರ್ಷ ಅದನ್ನೇ ಮತ್ತೆ ಕರಗಿಸುವುದು. ಆದರೆ ಈ ಸಲ ಒಡ್ಡಿನವರೆಗೆ ಹೋಗಲೇ ಇಲ್ಲ. ಹತ್ತು ಹೆಜ್ಜೆಗೇ ನಿಂತು ಕೂಳೆಯ ನಡುವೆ ಬಗ್ಗಿದ.

"ಅಲ್ಲೇನು ಹುಡುಕಾಕತ್ತೀರಿ? ಸೀಸ ಒಡ್ಡಿನಾಗ ಹೊಕ್ಕೈತಿ" ಎಂದು ಚಿಗವ್ವ ಸೀರೆ ಮಡಚುತ್ತ ಕೂಗಿದಳು. "ಮುಂದಿನ ವರ್ಷ ಬಂದೂಕನ ಇರಂಗಿಲ್ಲ, ಆ ಸೀಸರ ಯಾಕ ಬೇಕ್ರಿ?"

ಕಾಕಾ ಬಗ್ಗಿದಲ್ಲೇ ಕೂಳೆ ಸರಿಸುತ್ತಿದ್ದ. ನಾನು ಸಹಾಯಕ್ಕೆಂದು ಹತ್ತಿರ ಹೋಗಿದ್ದೆ, ಆದ್ದರಿಂದ ಕಂಡೆ. ಅವನು ಎತ್ತಿಕೊಂಡದ್ದು ಗುಂಡಿನಿಂದ ಬಿಡಿಸಿಕೊಂಡು ಅಲ್ಲೇ ಬಿದ್ದಿದ್ದ ಆ ಅರಿವೆಯ ಚೂರನ್ನು. ಸುತ್ತಲ ಅಂಚು ಸುಟ್ಟು ಕಪ್ಪಾಗಿತ್ತು, ನಡುವೆ ರೂಪಾಯಿಯಷ್ಟು ಜಾಗದಲ್ಲಿ ಇನ್ನೂ ಹಸಿರು ಇತ್ತು. ಊದಿ, ಬೂದಿ ಝಾಡಿಸಿ, ಬನಿಯನ್ನಿನ ಒಳಗಿಸೆಗೆ ಇಟ್ಟುಕೊಂಡ.

"ಸೀಸ ಸಿಕ್ಕತೇನ್ರಿ?" ಎಂದಳು ಚಿಗವ್ವ.

"ಹ್ಞೂಂ, ಸಿಕ್ತು" ಎಂದ ಕಾಕಾ.

ಅದು ಸೀಸ ಅಲ್ಲವೆಂದು ನನಗೆ ಗೊತ್ತಿತ್ತು. ಆದರೆ ನಾನು ತಿದ್ದಲು ಹೋಗಲಿಲ್ಲ.