ದೇಚಮ್ಮ ಹೊಡೆಯದ ಎರಡನೇ ಗುಂಡು

ಬಂದೂಕು ಅಂದ್ರೆ ನನಗೆ ಆಗಲ್ಲ. ದೀಪಾವಳಿ ಪಟಾಕಿಗೇ ಕಿವಿ ಮುಚ್ಚಿಕೊಂಡು ಅಡುಗೆಮನೆಗೆ ಓಡ್ತಿದ್ದ ಮೈಸೂರಿನ ಅಗ್ರಹಾರದ ಹುಡುಗಿ ನಾನು, ಚಂದ್ರಪ್ರಭಾ. ಅಂಥವಳು ಎರಡು ಸಾವಿರದ ಮೂರನೇ ಇಸವಿ ಮೇ ತಿಂಗಳಲ್ಲಿ ಯಾರ್ಕ್‌ಶೈರಿನ ಒಂದು ಬೋಳುಗುಡ್ಡದ ಮೇಲೆ ನಿಂತು, ಕಿವಿಗೆ ದಪ್ಪ ಮುಚ್ಚಳ ಹಾಕ್ಕೊಂಡು, "ಇನ್ನೊಂದು ಹೊಡಿಯೇ ಮಾರಾಯ್ತಿ!" ಅಂತ ಕನ್ನಡದಲ್ಲಿ ಕಿರುಚ್ತಿದ್ದೆ ಅಂದ್ರೆ ಅದಕ್ಕೆ ದೇಚಮ್ಮನೇ ಕಾರಣ.

ದೇಚಮ್ಮ ಕೊಡಗಿನವಳು, ಗೋಣಿಕೊಪ್ಪದ ಕಡೆ. ಮ್ಯಾಂಚೆಸ್ಟರಿನ ವಿದನ್‌ಶಾ ಆಸ್ಪತ್ರೆಯಲ್ಲಿ ವಾರ್ಡ್ ಸಿಸ್ಟರ್. ನಾನು ಅಲ್ಲೇ ಫಾರ್ಮಸಿಯವಳು, ಇಬ್ಬರ ಮನೆಯೂ ಒಂದೇ ಬೀದಿ. ದೇಚಮ್ಮನ ಎತ್ತರ ಐದಡಿ ಮೇಲೆ ಹೆಚ್ಚೇನಿಲ್ಲ, ಆದರೆ ಅವಳ ವಾರ್ಡಿಗೆ ಕಾಲಿಡೋ ಮುಂಚೆ ದೊಡ್ಡ ದೊಡ್ಡ ಕನ್ಸಲ್ಟೆಂಟುಗಳೂ ಸ್ಕೂಲ್ ಹುಡುಗರ ಥರ ಕೈ ತೊಳ್ಕೊಂಡು ಬರ್ತಿದ್ರು. ಅವಳ ಮನೆಯಲ್ಲಿ ಮೆಟ್ಟಿಲ ಕೆಳಗೆ ಒಂದು ಉಕ್ಕಿನ ಬೀರು, ಅದರೊಳಗೆ ಒಂದು ರೈಫಲ್. ಮರದ ಹಿಡಿ, ತೊಗಲಿನ ಪಟ್ಟಿ, ಮೇಲೊಂದು ಸಣ್ಣ ದುರ್ಬೀನು. ಜಿಂಕೆ ಬೇಟೆಗೆ ಅಂತ ಮಾಡಿದ್ದು. ಈ ದೇಶದಲ್ಲಿ ಕಾಡಿನ ಜಿಂಕೆ ಹೆಚ್ಚಾದ್ರೆ ಲೈಸೆನ್ಸ್ ಇರೋರು ಹೊಡೆದು ಕಮ್ಮಿ ಮಾಡ್ತಾರೆ. ರಜೆ ಸಿಕ್ಕಾಗ ಅವಳೂ ಹೋಗ್ತಿದ್ಳು.

"ನಮ್ಮೂರಲ್ಲಿ ಕೊಡವರಿಗೆ ಬಂದೂಕಿಗೂ ಲೈಸೆನ್ಸ್ ಬೇಡ ಪ್ರಭಾ. ಇಲ್ಲಿ ನೋಡು, ಟೀವಿಗೂ ಬೇಕು!" ಅಂತ ನಗ್ತಿದ್ಳು.

ಆ ವರ್ಷ ನಗು ನಿಂತಿತು. ಅವಳು ಬೇಟೆಗೆ ಹೋಗ್ತಿದ್ದ ಕಾಡನ್ನ ಯಾರೋ ಮನೆ ಕಟ್ಟೋರಿಗೆ ಮಾರಿಬಿಟ್ರು. ಲೈಸೆನ್ಸ್ ರಿನ್ಯೂ ಮಾಡೋ ಸಮಯ ಬಂತು. ಬಂದೂಕು ಇಟ್ಕೊಳ್ಳೋಕೆ ಸರಿಯಾದ ಕಾರಣ ತೋರಿಸಿ, ಇಲ್ಲದಿದ್ರೆ ತಂದು ಒಪ್ಪಿಸಿ ಅಂದ್ರು ಪೊಲೀಸರು. ಉಳಿದಿದ್ದು ಒಂದೇ ದಾರಿ: ಗುಡ್ಡದ ಮೇಲಿನ ರೈಫಲ್ ಕ್ಲಬ್ಬಿಗೆ ಪೂರ್ತಿ ಸದಸ್ಯೆ ಆಗೋದು. ಆ ಕ್ಲಬ್ಬಿನವರದ್ದೋ, ದೂರದ ಗುರಿಯ ಸ್ಪರ್ಧೆಯಲ್ಲಿ ಮೂವತ್ತು ಪಾಯಿಂಟ್ ತಗೊಂಡವರಿಗೇ ಸದಸ್ಯತ್ವ ಅಂತ ಹಟ.

"ಮೂವತ್ತು ಬರಲಿಲ್ಲ ಅಂದ್ರೆ?" ಅಂತ ಕೇಳಿದೆ.

"ರೈಫಲ್ ಹೋಗತ್ತೆ."

"ಹೋಗ್ಲಿ ಬಿಡು, ಪೀಡೆ ತೊಲಗ್ತು!"

ಅವಳು ಎದ್ದು ಹೋಗಿ ಬೀರುವಿನ ಬೀಗ ಎಳೆದು ನೋಡಿ ಬಂದ್ಳು. ಬೈದಿದ್ರೆ ತಿರುಗಿ ಬೈಬಹುದಿತ್ತು. ಅವಳ ಕಾರು ಗ್ಯಾರೇಜಿನಲ್ಲಿತ್ತು, ಹಾಗಾಗಿ ಆ ಭಾನುವಾರ ನಾನೇ ಚಿತ್ರಾನ್ನ ಕಲಸಿ ಡಬ್ಬಿಗೆ ಹಾಕ್ಕೊಂಡು ಕಾರು ತೆಗೆದೆ.

ಅಲ್ಲಿ ಹೋಗಿ ನೋಡಿದ್ರೆ ಏನು ಸಾಮಾನು, ಏನು ಕಥೆ! ಮದುವೆ ದಿಬ್ಬಣಕ್ಕೂ ಅಷ್ಟು ಇರಲ್ಲ. ಒಬ್ಬೊಬ್ಬರದೂ ಎತ್ತಲಾರದಷ್ಟು ಭಾರದ ಬಂದೂಕು, ಅದಕ್ಕೆ ಎರಡು ಕಾಲು, ಮೇಲೆ ತಿರುಪು ತಿರುಪಿರೋ ಮೊಳದುದ್ದದ ದುರ್ಬೀನು. ದೂರ ಅಳೆಯೋಕೆ ಲೇಸರ್, ಗಾಳಿ ಅಳೆಯೋಕೆ ಪುಟಾಣಿ ಫ್ಯಾನು, ಮಲಗೋಕೆ ಚಾಪೆ. ನಮ್ಮಮ್ಮಣ್ಣಿ ಹೆಗಲಿಗೆ ಬೇಟೆ ರೈಫಲ್ ನೇತುಹಾಕ್ಕೊಂಡು ಮಂಡಿವರೆಗಿನ ರಬ್ಬರ್ ಬೂಟಿನಲ್ಲಿ ಚಪ್ಪಚಪ್ಪ ಅಂತ ನಡ್ಕೊಂಡು ಬಂದ್ಳು.

ಸ್ಪರ್ಧೆ ನಡೆಸ್ತಿದ್ದವನು ಡೆರಿಕ್ ಅಂತ, ಬಿಳಿಮೀಸೆಯ ಮುದುಕ. ಆ ಕಡೆಯವರು ಎಲ್ಲರನ್ನೂ 'ಲವ್' ಅಂತಾರೆ, ಕೋಪ ಮಾಡ್ಕೋಬಾರದು. "ಇದರಲ್ಲೇ ಹೊಡೀತೀಯಾ ಲವ್?" ಅಂತ ಮೆಲ್ಲಗೆ ಕೇಳಿದ.

"ಜಿಂಕೆಗಳು ಇದುವರೆಗೂ ದೂರು ಹೇಳಿಲ್ಲ," ಅಂದ್ಳು ದೇಚಮ್ಮ.

ಲೆಕ್ಕ ಹೀಗೆ. ಎದುರಿನ ಇಳಿಜಾರಿನಲ್ಲಿ ಅಲ್ಲಲ್ಲಿ ಹತ್ತು ಉಕ್ಕಿನ ತಟ್ಟೆ. ಎಷ್ಟು ದೂರ ಅಂತ ಹೇಳಲ್ಲ, ನೀವೇ ಊಹಿಸಬೇಕು. ಮೊದಲ ಗುಂಡೇ ತಟ್ಟೆಗೆ ಬಿದ್ರೆ ಐದು ಪಾಯಿಂಟ್. ತಪ್ಪಿದ್ರೆ ಇನ್ನೊಂದು ಗುಂಡು ಹೊಡೆಯೋ ಅವಕಾಶ, ಅದು ಬಿದ್ರೆ ಮೂರು. ದೂರದ ತಟ್ಟೆಗಳಿಗೆ ಎಲ್ಲರೂ ಮಾಡ್ತಿದ್ದದ್ದು ಅದನ್ನೇ: ಮೊದಲನೇದು ಎಲ್ಲಿ ಮಣ್ಣು ಎಬ್ಬಿಸ್ತು ನೋಡಿ, ಎರಡನೇದನ್ನ ತಿದ್ದಿ ಹೊಡೆಯೋದು.

ದೇಚಮ್ಮನ ಸರದಿ ಬಂತು. ಕೋಟು ಬಿಚ್ಚಿ ಸುರುಳಿ ಸುತ್ತಿ ಒದ್ದೆ ಹುಲ್ಲಿನ ಮೇಲಿಟ್ಟು, ಅದರ ಮೇಲೆ ರೈಫಲ್ ಒರಗಿಸಿ ಬೋರಲು ಮಲಗಿದ್ಳು. ಆಮೇಲೆ ತಟ್ಟೆ ನೋಡೋದು ಬಿಟ್ಟು, ಅದರ ಪಕ್ಕದ ಕಲ್ಲುಗೋಡೆಯಾಚೆ ಮೇಯ್ತಿದ್ದ ಕುರಿಗಳನ್ನ ದುರ್ಬೀನಿನಲ್ಲಿ ದಿಟ್ಟಿಸತೊಡಗಿದ್ಳು. ಇವಳಿಗೇನಾದ್ರೂ ತಲೆ ಕೆಟ್ಟಿದೆಯಾ ಅನ್ನಿಸ್ತು ನನಗೆ. ಆಮೇಲೆ ಗೊತ್ತಾಯ್ತು, ಅದೇ ಅವಳ ಲೇಸರ್. ಕುರಿ ಎಷ್ಟು ದೊಡ್ಡದು ಅಂತ ಗೊತ್ತು. ದುರ್ಬೀನಿನಲ್ಲಿ ಎಷ್ಟು ಸಣ್ಣದಾಗಿ ಕಾಣತ್ತೋ ಅದರ ಮೇಲೆ ದೂರ. ದೂರ ಹೋದಷ್ಟೂ ಗುಂಡು ಕೆಳಗಿಳಿಯತ್ತಲ್ಲ, ಅದಕ್ಕೆ ತಟ್ಟೆಗಿಂತ ಅರ್ಧ ಕುರಿ ಮೇಲೆ, ಒಂದು ಕುರಿ ಮೇಲೆ ಅಂತ ಗುರಿ ಇಡೋದು. ಹುಲ್ಲು ಎತ್ತ ಬಾಗ್ತಿದೆ ನೋಡಿ ಗಾಳಿಗೊಂದಿಷ್ಟು ಪಕ್ಕಕ್ಕೆ.

ಮೊದಲ ತಟ್ಟೆ ಟಣ್ ಅಂತು. ಎರಡನೇದೂ ಟಣ್. ಚಾಪೆಯವರೆಲ್ಲ ತಿರುಗಿ ನೋಡಿದ್ರು. ಸುಳ್ಳು ಯಾಕೆ ಹೇಳ್ಲಿ, ನನಗೆ ಕೋಡು ಬಂತು.

ಮೂರನೇದು ತಪ್ಪಿತು. ಗುಂಡು ಹೋಗಿ ತಟ್ಟೆ ಪಕ್ಕದ ಮಣ್ಣು ಹಾರಿಸಿದ್ದು ನನ್ನಂಥ ನನಗೂ ಕಾಣಿಸ್ತು. ಇನ್ನೊಂದು ಚೂರು ಈ ಕಡೆ ಹೊಡೆದ್ರೆ ಮೂರು ಪಾಯಿಂಟ್ ಗಂಟು. ಇವಳು ಹೊಡೀಲಿಲ್ಲ! ನಾಲ್ಕನೇ ತಟ್ಟೆಗೆ ತಿರುಗಿಬಿಟ್ಳು. ಡೆರಿಕ್ ಅವಳಿಗೆ ನಿಯಮ ಅರ್ಥ ಆಗಿಲ್ಲ ಅಂದ್ಕೊಂಡು, ಬಗ್ಗಿ, ಒಂದೊಂದೇ ಪದ ಬಿಡಿಸಿ ಹೇಳಿದ, ಎರಡನೇ ಗುಂಡು ಇದೆ ಲವ್ ಅಂತ. ಗೊತ್ತು ಅಂದ್ಳು. ನಾಲ್ಕನೇದು ಬಿತ್ತು. ಐದನೇದು ತಪ್ಪಿತು, ಆಗಲೂ ಇನ್ನೊಂದು ಗುಂಡು ಹೊಡೀಲಿಲ್ಲ. ನಾನು ಕಿರುಚಿದ್ದು ಆಗಲೇ.

ಅರ್ಧ ಮುಗಿದ ಮೇಲೆ ಊಟಕ್ಕೆ ಬಿಟ್ರು. ಚಿತ್ರಾನ್ನದ ಡಬ್ಬಿ ಅವಳ ಮುಂದೆ ಕುಕ್ಕಿದೆ. "ಏನೇ ನಿನ್ನ ಧಿಮಾಕು? ಬಿಟ್ಟಿ ಸಿಗೋ ಪಾಯಿಂಟ್ ಬೇಡ್ವಾ? ರೈಫಲ್ ಉಳಿಸ್ಕೊಳ್ಳೋಕೆ ಬಂದ್ಯೋ ಕಳ್ಕೊಳ್ಳೋಕೆ ಬಂದ್ಯೋ?"

ಅವಳು ಎರಡು ತುತ್ತು ತಿಂದು ಹೇಳಿದ್ಳು. "ನಮ್ಮ ಕಡೆ ಗಂಡುಮಗು ಹುಟ್ಟಿದ್ರೆ ಆಕಾಶಕ್ಕೆ ಒಂದು ಗುಂಡು ಹೊಡೀತಾರೆ. ಸಾವಾದ್ರೆ ಎರಡು, ಒಂದರ ಹಿಂದೆ ಒಂದು. ಎರಡು ಕೇಳಿಸ್ತು ಅಂದ್ರೆ ಊರಿನವರೆಲ್ಲ ಕೆಲಸ ಬಿಟ್ಟು ಆ ಮನೆಗೆ ಹೊರಡ್ತಾರೆ. ಅಪ್ಪ ಇನ್ನೂ ಇದ್ದಾನೆ ಪ್ರಭಾ. ಅಪ್ಪ ಇರೋವಾಗ ನನ್ನ ಕೈಯಲ್ಲಿ ಒಂದೇ ಗುರಿಗೆ ಜೋಡಿ ಗುಂಡು ಹಾರಲ್ಲ."

"ಇದು ತಗಡಿನ ತಟ್ಟೆ ಕಣೇ! ಇಂಗ್ಲೆಂಡು!"

"ಕೇಳಿಲ್ಲಿ. ನಾನು ಹುಟ್ಟಿದಾಗ ಅಪ್ಪ ಅಂಗಳಕ್ಕೆ ಬಂದು ಒಂದು ಗುಂಡು ಹೊಡೆದನಂತೆ. ಎಲ್ಲರೂ ಓಡಿ ಬಂದು, ಏನು ಚೆಂಗಪ್ಪ, ಗಂಡುಮಗು ಎಲ್ಲಿ ಅಂದ್ರಂತೆ. ಇವಳೇ ಅಂತ ನನ್ನನ್ನ ಎತ್ತಿ ತೋರಿಸಿದನಂತೆ. ಅಣ್ಣ ತಮ್ಮ ಯಾರೂ ಇಲ್ಲ ನನಗೆ. ಅಪ್ಪ ಹೋದಾಗ ಹೊಡೀಬೇಕಾದ ಆ ಎರಡು ಗುಂಡು ನಾನೇ ಹೊಡೀಬೇಕು. ಅಲ್ಲಿದ್ರೆ ಅಲ್ಲಿ, ಇಲ್ಲಿದ್ರೆ ಇಲ್ಲಿ. ಅದಕ್ಕೇ ರೈಫಲ್ ಬೇಕು. ಬೇಟೆಗಲ್ಲ."

ಪೀಡೆ ತೊಲಗ್ತು ಅಂದಿದ್ದೆನಲ್ಲ, ಆ ನಾಲಿಗೆ ಕಚ್ಚಿಕೊಂಡೆ. ಹತ್ತಿರದಲ್ಲೇ ಡೆರಿಕ್ ಫ್ಲಾಸ್ಕಿನ ಟೀ ಕುಡೀತಿದ್ದ. ಅವನಿಗೆ ಹೋಗಿ ನಾನೇ ಎಲ್ಲ ಹೇಳಿದೆ. ತಲೆ ಆಡಿಸಿದ, ಆದರೆ ಮೂವತ್ತು ಅಂದ್ರೆ ಮೂವತ್ತೇ ಅಂದ. ಬಿಟ್ಟುಕೊಡಿ ಅಂತ ನಾನೂ ಕೇಳಲಿಲ್ಲ.

ಮಧ್ಯಾಹ್ನ ಗಾಳಿ ಎದ್ದಿತು. ಉಳಿದ ಐದು ತಟ್ಟೆಯಲ್ಲಿ ಮೂರಕ್ಕೆ ಗುಂಡು ಬೀಳಲೇಬೇಕು, ಅದೂ ಮೊದಲನೇದೇ. ಒಂದು ಬಿತ್ತು, ಒಂದು ತಪ್ಪಿತು, ಇನ್ನೊಂದು ಬಿತ್ತು. ಒಂಬತ್ತನೇದು ಮತ್ತೆ ತಪ್ಪಿತು. ಚಾಪೆಯವನೊಬ್ಬ ನನ್ನ ಪಕ್ಕದಲ್ಲಿ ಅಯ್ಯೋ ಅನ್ನೋ ಹಾಗೆ ನಿಟ್ಟುಸಿರು ಬಿಟ್ಟ. ಎರಡನೇ ಗುಂಡುಗಳನ್ನ ಹೊಡೆದಿದ್ರೆ ಇಷ್ಟೊತ್ತಿಗೆ ಪಾಸಾಗಿರ್ತಿದ್ಳು ಅಂತ ಎಲ್ಲರಿಗೂ ಗೊತ್ತಿತ್ತು.

ಉಳಿದಿದ್ದು ಹತ್ತನೇದು, ಗುಡ್ಡದ ನೆತ್ತಿ ಹತ್ತಿರ, ಬರಿಗಣ್ಣಿಗೆ ಸಬ್ಬಕ್ಕಿ ಕಾಳಿನಷ್ಟು. ಆ ಭಾರದ ಬಂದೂಕಿನವರಲ್ಲೇ ಎಷ್ಟೋ ಜನ ಅದನ್ನ ಎರಡೆರಡು ಗುಂಡಿಗೂ ತಪ್ಪಿಸಿದ್ರು. ದೇಚಮ್ಮ ಮಲಗಿದ್ಳು. ಕುರಿ ನೋಡಿದ್ಳು, ಹುಲ್ಲು ನೋಡಿದ್ಳು, ಸುಮ್ಮನಾದ್ಳು. ಸಮಯ ಹೋಗ್ತಿದೆ, ಇವಳು ಮುಹೂರ್ತ ನೋಡ್ತಿದ್ದಾಳೆ! ಚಾಮುಂಡಿ ತಾಯಿಗೆ ಹರಕೆ ಹೊತ್ಕೊಂಡೆ, ಯಾತಕ್ಕೆ? ಬಂದೂಕಿಗೆ! ಗಾಳಿ ಒಂದು ಗಳಿಗೆ ತಗ್ಗಿತು, ಹುಲ್ಲು ನೆಟ್ಟಗಾಯ್ತು. ಢಂ.

ಏನೂ ಇಲ್ಲ. ಉಸಿರು ಬಿಡೋಷ್ಟು ಹೊತ್ತು ಏನೇನೂ ಇಲ್ಲ. ಆಮೇಲೆ ದೂರದಿಂದ, ಸಣ್ಣಗೆ, ಟಣ್.

ನಾನು ಕುಣಿದೆ ಕಣ್ರೀ. ಮೈಸೂರಿನ ಮಾನ ಮರ್ಯಾದೆ ಎಲ್ಲ ಅಲ್ಲೇ ಬಿಟ್ಟು ಕುಣಿದೆ. ದೇಚಮ್ಮ ಎದ್ದು ಕೋಟು ಒದರಿ, "ನಾಲ್ಕು ಕುರಿ ಮೇಲೆ," ಅಂತ ಡೆರಿಕ್‌ಗೆ ಹೇಳಿದ್ಳು. ಸರಿಯಾಗಿ ಮೂವತ್ತು. ಆ ಕ್ಲಬ್ಬಿನಲ್ಲಿ ಅವತ್ತಿನಿಂದ ಅವಳು 'ಲವ್' ಅಲ್ಲ, 'ಸಿಸ್ಟರ್'.

ನಾಲ್ಕು ವರ್ಷ ಆದ ಮೇಲೆ ಊರಿನಿಂದ ಫೋನ್ ಬಂತು. ಚೆಂಗಪ್ಪನವರಿಗೆ ತೊಂಬತ್ತು ದಾಟಿತ್ತು, ಗದ್ದೆ ನೋಡ್ಕೊಂಡು ಬಂದು ಮಲಗಿದವರು ಏಳಲಿಲ್ಲವಂತೆ. ಮೊದಲ ಫ್ಲೈಟ್ ಹಿಡಿದರೂ ಮುಖ ನೋಡೋಕೆ ಸಿಗಲ್ಲ, ಹನ್ನೊಂದನೇ ದಿನದ ಕಾರ್ಯಕ್ಕೇ ಹೋಗೋದು ಅಂತಾಯ್ತು. ಅವಳು ಅಳ್ತಾ ಕೂರಲಿಲ್ಲ. ಮುಖ ತೊಳೆದು, ಬೀರು ತೆಗೆದು, "ಕಾರು ತೆಗಿ ಪ್ರಭಾ," ಅಂದ್ಳು.

ಗುಡ್ಡದ ಮೇಲೆ ಡೆರಿಕ್ ಕಾಯ್ತಿದ್ದ, ಫೋನಿನಲ್ಲೇ ಹೇಳಿದ್ದೆ. "ಆಕಾಶಕ್ಕೆ ಹೊಡೆಯೋಕೆ ಬಿಡೋ ಹಾಗಿಲ್ಲ ಸಿಸ್ಟರ್," ಅಂದ, ತಪ್ಪು ತನ್ನದೇ ಅನ್ನೋ ಹಾಗೆ.

"ಬೇಡ. ಆ ಕೊನೇ ತಟ್ಟೆ ಸಾಕು."

ಅವನು ಉಳಿದವರಿಗೆಲ್ಲ ಬಂದೂಕು ಕೆಳಗಿಡೋಕೆ ಹೇಳಿದ. ಇಟ್ಟರು, ಟೋಪಿ ತೆಗೆದರು. ನಾನು ಒಂದು ಕಿವಿಯ ಮುಚ್ಚಳ ಸರಿಸಿದೆ. ನನಗದು ಕೇಳಿಸಬೇಕಿತ್ತು. ಢಂ. ಮುಂದಿನ ಗುಂಡು ತುಂಬೋಕೆ ಅವಳ ಕೈ ಹಿಂದೆ ಮುಂದೆ ಆಡಿತು. ಢಂ. ಆಮೇಲೆ ಗುಡ್ಡದ ನೆತ್ತಿಯಿಂದ ಟಣ್, ಟಣ್, ಒಂದರ ಹಿಂದೆ ಒಂದು. ನಾನು ಗೊಳೋ ಅಂತ ಅತ್ತೆ. ಅವಳು ರೈಫಲ್ ಪಕ್ಕಕ್ಕಿಟ್ಟು, ಹುಲ್ಲಿಗೆ ಹಣೆ ಹಚ್ಚಿ ಸ್ವಲ್ಪ ಹೊತ್ತು ಹಾಗೇ ಮಲಗಿದ್ದು ಎದ್ದಳು.

ಮುಂದಿನ ಮೇ ತಿಂಗಳ ಸ್ಪರ್ಧೆಗೆ ಮತ್ತೆ ನಾನೇ ಡ್ರೈವರ್. ಏಳನೇ ತಟ್ಟೆ ತಪ್ಪಿಸಿದ್ಳು, ಎಂಟನೇದಕ್ಕೆ ತಿರುಗಿದ್ಳು. ನನ್ನ ಬಾಯಿ ಸುಮ್ಮನಿರತ್ತಾ? ಊಟಕ್ಕೆ ಬಂದಾಗ ಕೇಳೇಬಿಟ್ಟೆ, "ಈಗ ಇನ್ನೇನೇ ನಿನಗೆ? ಅಪ್ಪನ ಎರಡು ಗುಂಡು ಮುಗಿದಾಯ್ತಲ್ಲ?"

"ಅವ್ವ ಇದ್ದಾಳಲ್ಲೇ, ಗುಂಡುಕಲ್ಲಿನ ಹಾಗೆ! ನಿನ್ನ ಬಾಯಿಗೆ ಮಣ್ಣು ಹಾಕ. ಸುಮ್ಮನೆ ಚಿತ್ರಾನ್ನ ಬಡಿಸು."