ನಿನ್ನ ರಾಗಿಯ ಮುಂದೆ ನಿಂತ ನನ್ನ ಫೋಟೊ

ಲಕ್ಷ್ಮಕ್ಕ, ಆ ವರ್ಷದ ಬೆಳೆ ಪರಿಹಾರ ಬಂದಿತ್ತು. ನನ್ನ ಖಾತೆಗೆ ಬಂದಿತ್ತು. ಬಂದೇ ಇಲ್ಲ ಎಂದು ನಿನಗೆ ಸುಳ್ಳು ಹೇಳಿದೆ — ಒಂದು ಸಲವಲ್ಲ, ನೀನು ಫೋನ್ ಮಾಡಿದಾಗಲೆಲ್ಲ.

ಹೊಸಕೋಟೆ ಆಚೆಯ ನಮ್ಮಪ್ಪನ ಹೊಲ ಪಹಣಿಯಲ್ಲಿ ನನ್ನ ಹೆಸರಿಗಿದೆ. ಉತ್ತು ಬಿತ್ತಿದವಳು ನೀನು. ನಾನೋ, ಇಂದಿರಾನಗರದ ಮನೆಯಲ್ಲಿ ಕೂತು, ನಮ್ಮ ಪಾಲಿನ ರಾಗಿ ಮೂಟೆ ಬಂದಾಗ ಮಾತ್ರ ಹೊಲ ನೆನೆಯುವವಳು. ಸರ್ಕಾರದಿಂದ ಏನು ಬಂದರೂ ಬೆಳೆದವರಿಗೇ ಸೇರಬೇಕು ಎನ್ನುವುದು ಅಪ್ಪನ ಪದ್ಧತಿ. ಅವರು ಹೋದ ಮೇಲೂ ಹಾಗೇ ನಡೆಸುತ್ತೇನೆ, ಬೆಳೆ ಮಾಡುವವಳೆಂದು ನಿನ್ನ ಹೆಸರೇ ಬರೆಸುತ್ತೇನೆ ಎಂದು ಮಾತು ಕೊಟ್ಟಿದ್ದೆ.

ಬೆಳೆ ಸಮೀಕ್ಷೆಗೆ ಮೊಬೈಲ್ ಹಿಡಿದು ಒಬ್ಬ ಹೆಂಗಸು ಬಂದ ದಿನ ನಾನು ಊರಲ್ಲೇ ಇದ್ದೆ. ನೀನು ನನಗೆಂದು ಅವರೆಕಾಯಿ ಕೀಳಲು ಹೊಲದ ಆ ತುದಿಗೆ ಹೋಗಿದ್ದೆ.

"ರಾಗಿ ಮುಂದೆ ನಿಂತ್ಕೊಳಿ ಮೇಡಂ, ಫೋಟೊ ತೆಗೀಬೇಕು. ಬೆಳೆ ಮಾಡ್ತಿರೋದು ಯಾರು? ಬೇರೆಯವರಾದ್ರೆ ಹೇಳ್ಬಿಡಿ."

ಹೊರಡುವಾಗ ನಮ್ಮ ಯಜಮಾನರು ಹೇಳಿದ್ದರು — "ಅವಳ ಹೆಸರು ಎಲ್ಲೂ ಬರೆಸ್ಬೇಡ ಸುಮಾ. ಒಂದ್ಸಲ ಸೇರಿದ್ರೆ ನಾಳೆ ಹೊಲಾನೇ ನಂದು ಅಂತಾಳೆ." ಅವರ ಮೇಲೆ ಹಾಕಿ ಕೈ ತೊಳೆದುಕೊಳ್ಳುತ್ತಿಲ್ಲ. ಬಾಯಿ ನನ್ನದೇ.

"ನಾವೇ," ಎಂದೆ. "ನಾವೇ ಮಾಡ್ತಿರೋದು."

ಥೂ, ನನ್ನ ಬುದ್ಧಿಗಿಷ್ಟು! ಸೀರೆಗೆ ಮಣ್ಣು ಹತ್ತೀತೆಂದು ಬದುವಿನ ಮೇಲೇ ನಿಂತು ಫೋಟೊ ತೆಗೆಸಿಕೊಂಡೆ. ನೀನು ಸೆರಗಿನ ತುಂಬ ಅವರೆ ತಂದು, "ಬಿಸ್ಲಾಗ್ಯಾಕೆ ನಿಂತ್ಕಂಡ್ರಿ ಸುಮಮ್ಮ, ನೆಳ್ಳಿಗೆ ಬನ್ನಿ" ಎಂದೆ. ಬಂದೆ.

ಕೊಯ್ಲಿಗೆ ಮುಂಚೆ ಹಿಡಿದ ಮಳೆಗೆ ರಾಗಿ ಮಲಗಿತು, ತೆನೆಯಲ್ಲೇ ಮೊಳಕೆ ಬಂತು. ಪರಿಹಾರದ ಮೆಸೇಜ್ ನೋಡಿದಾಗ ನಾನು ಮೆಟ್ರೊದಲ್ಲಿದ್ದೆ. ತೆಗೆದು ಕೊಟ್ಟುಬಿಡೋಣ ಎಂದೇ ಅನಿಸಿತ್ತು — ನಿಜ. ಆದರೆ ಕೊಟ್ಟರೆ, ನಿಮ್ಮ ಖಾತೆಗ್ಯಾಕೆ ಬಂತು ಎಂದು ನೀನು ಕೇಳುತ್ತೀ. ಆಗ ಆ ಫೋಟೊ, ಆ ಮಾತು... ನಾಳೆ ಹೇಳೋಣ, ಹಬ್ಬ ಕಳೆಯಲಿ, ಎಂದುಕೊಳ್ಳುವಷ್ಟರಲ್ಲಿ ನಿನ್ನ ಫೋನ್.

"ಊರ್ನಾಗೆ ಎಲ್ಲಾರ್ಗೂ ಬಂದೈತೆ ಸುಮಮ್ಮ. ನಂಗ್ಯಾಕೆ ಬಂದಿಲ್ಲ?"

ಬಾಯಿಗೆ ಬಂದದ್ದು ಹೇಳಿದೆ — "ನಿನ್ನ ಆಧಾರ್ ಸರಿಯಾಗಿ ಲಿಂಕ್ ಆಗಿಲ್ವೇನೋ ಲಕ್ಷ್ಮಕ್ಕ. ಹೆಬ್ಬೆಟ್ಟು ಇನ್ನೊಂದ್ಸಲ ಕೊಟ್ಟು ನೋಡು."

ನೀನು ಬ್ಯಾಂಕಿಗೆ ಹೋದೆ. ಕೆಲಸ ಬಿಟ್ಟು, ಬಸ್ಸು ಹಿಡಿದು, ಸಾಲಿನಲ್ಲಿ ನಿಂತು, ಬೈಸಿಕೊಂಡು ಬಂದೆ. ಮತ್ತೆ ಹೋದೆ. ಪ್ರತಿ ಸಲ ನೀನು ಫೋನ್ ಮಾಡಿ ಹೇಳುತ್ತಿದ್ದೆ, ಪ್ರತಿ ಸಲ ನಾನು "ಅಯ್ಯೋ ಹೌದಾ" ಎನ್ನುತ್ತಿದ್ದೆ. ಮುಂಗಾರಿನ ಬೀಜ ಗೊಬ್ಬರಕ್ಕೆ ನೀನು ಆ ದುಡ್ಡನ್ನೇ ನಂಬಿದ್ದೆ — ನನಗದು ಗೊತ್ತಿತ್ತು. ಆ ಮುಂಗಾರಿಗೆ ನೀನು ಬಿತ್ತಲಿಲ್ಲ. ಹೊಲ ಬಿಟ್ಟು ಕೆ.ಆರ್. ಪುರದ ಮಗಳ ಮನೆ ಸೇರಿದೆ. ಯಾರ ಹೆಸರು ಸೇರಿ ಹೊಲ ಹೋದೀತೆಂದು ಹೆದರಿದ್ದೆನೋ, ಅವಳೇ ಸುಮ್ಮನೆ ಎದ್ದುಹೋದಳು.

ಆಮೇಲೆ ನನಗೆ ಎಲ್ಲಿ ಕೂತರೂ ಸಮಾಧಾನವಿಲ್ಲ. ಒಲೆ ಹಚ್ಚಿ ಪಾತ್ರೆ ಇಡುವುದನ್ನೇ ಮರೆಯುತ್ತೇನೆ. ಯಜಮಾನರ ಮೇಲೆ ಸುಮ್ಮಸುಮ್ಮನೆ ಹರಿಹಾಯುತ್ತೇನೆ.

ಕಳೆದ ತಿಂಗಳು ನಿನ್ನ ಮಗಳ ಮನೆಗೆ ಬಂದಿದ್ದು ಹೇಳಿಬಿಡಲೆಂದೇ. ನೀನು ಕಾಫಿ ಕೊಟ್ಟೆ. ಕುಡಿಯುತ್ತ ಎದ್ದೆ, ಕೂತೆ, ಮತ್ತೆ ಎದ್ದೆ. ಅಷ್ಟರಲ್ಲಿ ಮಗಳೇ ಪರಿಹಾರದ ಹಳೆಯ ಮಾತೆತ್ತಿದಳು, ನೀನು ಬೆರಳು ಮುಂದೆ ಚಾಚಿ ನಕ್ಕೆ — "ಕಳೆ ಕಿತ್ತು ಕಿತ್ತು ಬೆಳ್ಳೇ ಸವ್ದೋಗವೆ ಕಣವ್ವ. ಅದ್ಕೇ ದುಡ್ಡು ದಕ್ಲಿಲ್ಲ. ಸುಮಮ್ಮ ಪಾಪ ಎಷ್ಟು ಹೇಳಿದ್ರು."

ಲೋಟ ಕೆಳಗಿಟ್ಟು, ಹೊತ್ತಾಯಿತೆಂದು ನೆಪ ಹೇಳಿ ಹೊರಟುಬಂದೆ.

ದುಡ್ಡು ತಂದು ಕೊಡುವುದು ದೊಡ್ಡದಲ್ಲ; ಹೊಲ ಬಿಟ್ಟ ಮೇಲೆ ಅದು ನಿನಗೆ ಯಾವ ಕೆಲಸಕ್ಕೆ ಬಂದೀತು? ಭಾನುವಾರ ಬರುತ್ತೇನೆ. ಮಗಳೂ ಇರಲಿ, ಅವಳೆದುರಿಗೇ ಹೇಳಬೇಕು. ನಿನ್ನ ಬೆರಳಿಗೆ ಏನೂ ಆಗಿರಲಿಲ್ಲ, ಲಕ್ಷ್ಮಕ್ಕ.